ನನ್ನ ಪ್ಯಾಂಟು ತೊಟ್ಟ ಸಂತರು

ಹೋದ ವಾರ ನನ್ನ ವಿರುದ್ಧ ಸಾಕ್ಷಿ ಹೇಳಲು ನಮ್ಮ ಮನೆಗೆ ಒಬ್ಬ ಸಂತರು ಬಂದರು. ಬಂದವರು ನನ್ನದೇ ಪ್ಯಾಂಟು ತೊಟ್ಟಿದ್ದರು.

ಬೈಲಹೊಂಗಲದ ನಮ್ಮ ಓಣಿಯಲ್ಲಿ, ನಮ್ಮ ಹಿತ್ತಲಿಗೆ ಹೊಂದಿಕೊಂಡ ಬಾಡಿಗೆ ಮನೆಯಲ್ಲಿ ಫಿಲೋಮಿನಾ ಟೀಚರ್ ಇದ್ದಾರೆ. ಇಡೀ ಓಣಿಗೆ ಕ್ರಿಶ್ಚಿಯನ್ನರೆಂದರೆ ಅವರೊಬ್ಬರೇ. ರಜೆ ಸಿಕ್ಕರೆ ಸಾಕು, ಸೂಜಿ ದಾರ ಹಿಡಿದು ಕೂರುತ್ತಾರೆ. ಹಳೇ ಬಟ್ಟೆ ಕತ್ತರಿಸಿ, ಹೊಲಿದು, ಮುಖಕ್ಕೆ ಕಸೂತಿ ಹಾಕಿ ಅಂಗೈಯಗಲದ ಸಂತರನ್ನು ಮಾಡುತ್ತಾರೆ. ಕಿಸೆಯಲ್ಲೂ ಇಟ್ಟುಕೊಳ್ಳಬಹುದು, ಗೋಡೆಗೂ ತೂಗುಹಾಕಬಹುದು.

ನಾನೋ, ದಿನಕ್ಕೊಮ್ಮೆ ಚಷ್ಮಾ ಕಳೆಯುವವನು. (ಬೈಕಿನ ಕೀಲಿಯ ಕತೆ ಬೇರೆ.) ನನ್ನ ಹುಡುಕಾಟ ನೋಡಲಾರದೆ ಟೀಚರ್ ಭಾನುವಾರ ಒಬ್ಬ ಸಂತರನ್ನು ತಂದು ಕೈಗಿಟ್ಟರು.

"ಸಂತ ಅಂತೋನಿಯವರ್ರೀ ಇವರು. ಕಳದದ್ದು ಹುಡುಕಿ ಕೊಡ್ತಾರಂತ ನಮ್ಮ ನಂಬಿಕಿ. ಕಿಸೇದಾಗ ಇಟ್ಕೊಳ್ರಿ ಸರ್."

ಇಟ್ಟುಕೊಂಡೆ. ಸಂಜೆಯೊಳಗೆ ಅವರನ್ನೇ ಕಳೆದೆ.

ಸಿಕ್ಕಿದ್ದು ದೇವರ ಜಗಲಿಯ ಮೇಲೆ. ದಿವಾನದ ಕೆಳಗೆ ಬಿದ್ದಿದ್ದವರನ್ನು ನಮ್ಮ ಅವ್ವ ಎತ್ತಿ, ಒರೆಸಿ, ಎಲ್ಲಮ್ಮನ ಫೋಟೋದ ಪಕ್ಕ ನಿಲ್ಲಿಸಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದಿದ್ದಳು. ಟೀಚರ್ ಏನೆಂದುಕೊಳ್ಳುತ್ತಾರೋ ಎಂದು ನನಗೆ ಅಳುಕು. ಅವರು ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವ್ವನ ಚಿಂತೆಯೇ ಬೇರೆ. "ಅಲ್ಲವಾ, ಇವರ ಕೈಯಾಗ ಕೂಸು ಐತಿ. ಅದರ ತಾಯಿ ಎಲ್ಲಿ ಹೋಗ್ಯಾಳ?"

"ಇವರು ಸನ್ಯಾಸಿ, ಆಯೀ. ಬಾಲಯೇಸುನ್ನ ಎತಗೊಂಡಾರ."

"ಸನ್ಯಾಸಿ ಕೂಸು ಎತಗೊಂಡಾನ?" ಎಂದ ಅವ್ವ ನಿಧಾನಕ್ಕೆ ನನ್ನ ಕಡೆ ತಿರುಗಿ ನೋಡಿದಳು.

ಇಲ್ಲಿ ಸ್ವಲ್ಪ ನನ್ನ ಪಾಡು ಹೇಳಬೇಕು. ಹಿರಿಯರ ಮುಂದೆ ಗಂಡಸು ತನ್ನ ಕೂಸನ್ನು ಎತ್ತಬಾರದು. ಅದು ನಮ್ಮ ಮನೆತನದ ರಿವಾಜು. ಆಗ ನಮ್ಮ ಅಪ್ಪ ಇದ್ದನೆಂದು ನನ್ನ ಮಗಳನ್ನು ಎತ್ತಲಿಲ್ಲ. ಈಗ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಮೊಮ್ಮಗನಿಗೆ ಐದು ತಿಂಗಳು. ಅವ್ವ ಮನೆ ಬಿಟ್ಟು ಕದಲುವುದಿಲ್ಲ. ನಾನು ಎತ್ತುವುದು ಯಾವಾಗ? ಶುಕ್ರವಾರ ಮಗಳು ರಾಮದುರ್ಗಕ್ಕೆ, ಗಂಡನ ಮನೆಗೆ ಹೊರಡುವವಳು. ನಿಜ ಹೇಳುತ್ತೇನೆ, ನಾನು ದಿನವೂ ತೊಟ್ಟಿಲ ಸುತ್ತ ಸುಳಿದಾಡುತ್ತಿದ್ದೆ. ಆಸೆ ಬೆಟ್ಟದಷ್ಟು, ಧೈರ್ಯ ಸಾಸಿವೆಯಷ್ಟು.

ಅಷ್ಟರಲ್ಲಿ ಹೆಂಡತಿ ಬಾಯಿ ಹಾಕಿದಳು. "ಅವರ ಅಂಗಿ ನೋಡ್ರಿ. ನಿಮ್ಮ ಹಳೇ ಕಂದು ಪ್ಯಾಂಟಿಂದು, ಟೀಚರಿಗೆ ನಾನ ಕೊಟ್ಟಿದ್ದೆ. ಅದ ಬಟ್ಟಿ ಹಾಕ್ಕೊಂಡು ಅವರು ಕೂಸು ಎತ್ಯಾರ. ನೀವು ಅದ ಬಟ್ಟಿ ಹಾಕ್ಕೊಂಡು ಪೇಪರ್ ಓದಿದ್ರಿ."

ಕೈಯಲ್ಲಿದ್ದ ಪೇಪರನ್ನು ಮೆಲ್ಲಗೆ ಮಡಚಿಟ್ಟೆ.

ಸುದ್ದಿ ಓಣಿಗೆಲ್ಲ ಹಬ್ಬಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು, ಸಂತರಿಗೆ ಕೈಮುಗಿದು, ನೇರ ತಮ್ಮ ಗಂಡಂದಿರ ಬಳಿಗೆ ಹೋದರು. ಎದುರು ಮನೆಯ ಗಿರಣಿ ಬಸಣ್ಣ ಮೈತುಂಬ ಹಿಟ್ಟು ಮೆತ್ತಿಕೊಂಡೇ ಓಡಿ ಬಂದ.

"ಏನ್ ತಂದ ಇಟ್ಟೀರಿ ಮಾರಾಯ್ರ ಮನಿಯಾಗ. ನಮ್ಮಾಕಿ ನನಗ ಹುಡುಗನ ಕುಂಡಿ ತೊಳ್ಯಾಕ ಹಚ್ಯಾಳ."

ಶುಕ್ರವಾರ ಬಂತು. ಬಾಗಿಲಲ್ಲಿ ಕಾರು ನಿಂತಿತು. ನಾನು ಅಳುಮೋರೆ ಹಾಕಿಕೊಂಡು ಬ್ಯಾಗು ಎತ್ತಿಕೊಂಡೆ. (ಬ್ಯಾಗು ಎತ್ತಲು ಯಾವ ರಿವಾಜೂ ಅಡ್ಡಿಯಿಲ್ಲ ನೋಡಿ.) ಅವ್ವ ನನ್ನ ಮಗಳ ಕೈಯಿಂದ ಕೂಸನ್ನು ಇಸಿದುಕೊಂಡು ನನ್ನ ಎದೆಗೊತ್ತಿದಳು.

"ಹಿಡಿ ತಮ್ಮಾ. ನಾ ಆ ಕಡೆ ಮಾರಿ ಮಾಡತೇನಿ. ನಾ ನೋಡಿದ್ರ ಅಲ್ಲೇನು ಮರ್ಯಾದಿ ಹೋಗೂದು?"

ಹಾಗೆಂದವಳೇ ಗೋಡೆಗೆ ಮುಖ ಮಾಡಿ ನಿಂತಳು. ರಿವಾಜೂ ಉಳಿಯಿತು, ಕೂಸೂ ಕೈಗೆ ಬಂತು.

ಬೆಚ್ಚಗಿದ್ದ. ಲೋಬಾನದ ಘಮ. ಒಂದು ಕೈಯಿಂದ ನನ್ನ ಚಷ್ಮಾ ಕಿತ್ತು ಬಾಯಿಗಿಟ್ಟುಕೊಂಡ, ಜೊತೆಗೆ ನನ್ನ ಶರ್ಟನ್ನೂ ಒದ್ದೆ ಮಾಡಿದ. ಅಂಥ ಸುಖ ನನಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿ ಬಂದು ಏನೂ ಕಾಣದಾಯಿತು.

"ಬೆನ್ನಿಗಿ ಕೈ ಕೊಡು, ಬೆನ್ನಿಗಿ" ಎಂದಳು ಅವ್ವ. ಗೋಡೆ ನೋಡುತ್ತಿದ್ದವಳಿಗೆ ನನ್ನ ಕೈ ಹೇಗೆ ಕಂಡಿತು? ಆಮೇಲೆ ಗಮನಿಸಿದೆ, ಆ ಗೋಡೆಯಲ್ಲಿ ಕನ್ನಡಿ ಇತ್ತು.

ಮರುದಿನ ಬಸಣ್ಣನ ಮುಂದಾಳತ್ವದಲ್ಲಿ ಓಣಿಯ ಗಂಡಸರು ಟೀಚರ್ ಬಾಗಿಲಿಗೆ ಹೋದರು. ತಮಾಷೆ ನೋಡಲು ನಾನೂ ಹಿಂದೆ ನಿಂತೆ.

"ಟೀಚರ್, ನಿಮ್ಮ ಪೈಕಿ ಕೈಯಾಗ ಕೂಸಿಲ್ಲದ ಸಂತರು ಯಾರೂ ಇಲ್ಲೇನ್ರಿ? ಅಂಥವರನ್ನ ಒಬ್ಬರನ್ನ ಮಾಡಿಕೊಡ್ರಿ, ಪುಣ್ಯಾ ಬರ್ತೈತಿ."

ಟೀಚರ್ ಸೂಜಿಗೆ ದಾರ ಪೋಣಿಸುತ್ತಲೇ ಯೋಚಿಸಿದರು.

"ಅದಾರ್ರಿ, ಸಂತ ಕ್ರಿಸ್ತೋಫರ್ ಅಂತ. ಕೈಯಾಗ ಕೂಸಿಲ್ಲ. ಹೆಗಲ ಮ್ಯಾಲ ಹೊತ್ತು ಹೊಳಿ ದಾಟ್ಸ್ಯಾರ."

ಸಂಜೆಯೊಳಗೆ, ತಂತಿಯ ಮೇಲೆ ಒಣಹಾಕಿದ್ದ ಬಸಣ್ಣನ ನೀಲಿ ಪ್ಯಾಂಟು ಮಾಯವಾಗಿತ್ತು.