ಮೈದಾನದ ನಡುವಿನ ಸಿಮೆಂಟು

ನಾನು ಬೇಸ್‌ಬಾಲ್ ಆಡುತ್ತಿದ್ದೆ ಎಂದರೆ ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ನಿಂತವರು ಇವತ್ತಿಗೂ "ಅದೇನದರೀ?" ಎಂದು ಕೇಳುತ್ತಾರೆ. ಕೇಳಲಿ, ಅದಕ್ಕೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಒಂದು ಸಿಮೆಂಟ್ ಪಿಚ್ಚಿನ ಮೇಲೆ, ಅದನ್ನು ಮುಚ್ಚಿಸದ ಮಹಾಶಯರ ಮೇಲೆ.

ನಾನು ಔಟ್‌ಫೀಲ್ಡರ್. ದೂರಕ್ಕೆ ಹೊಡೆದ ಚೆಂಡನ್ನು ಓಡಿ ಹಿಡಿಯುವವನು. ಕಣ್ಣು ಆಕಾಶದಲ್ಲೇ ಇರಬೇಕು. ಕೆಳಗೆ ನೋಡಿದರೆ ಚೆಂಡು ಹೋದಂತೆಯೇ. ಕಲಬುರಗಿಯಲ್ಲಿ ನಮಗೆ ಸ್ವಂತ ಮೈದಾನವಿಲ್ಲ, ಕ್ರಿಕೆಟ್ಟಿನವರ ಮೈದಾನದ ಮೂಲೆಯಿಂದ ಆಡುತ್ತಿದ್ದೆವು. ಅವರ ಸಿಮೆಂಟ್ ಪಿಚ್ಚು ಸರಿಯಾಗಿ ನಾನು ಓಡುವ ಜಾಗದಲ್ಲೇ ಬರುತ್ತಿತ್ತು. ಸುತ್ತಲಿನ ಮಣ್ಣು ಸವೆದು ಅದರ ಅಂಚು ನಾಲ್ಕು ಬೆರಳು ಮೇಲೆದ್ದಿತ್ತು.

ಮೊದಲ ವರ್ಷ ಅದಕ್ಕೆ ತಾಗಿ ಪಾದ ಹೊರಳಿತು. ಮರುವರ್ಷ ಮುಗ್ಗರಿಸಿ ಭುಜದ ಕೀಲು ತಪ್ಪಿತು. ಮೂರನೆಯ ಸಲ ಮೊಣಕಾಲು, ಆಪರೇಷನ್. ನಮ್ಮೂರು ಕಮಲಾಪುರದ ಮನೆಯಲ್ಲಿ ತಿಂಗಳುಗಟ್ಟಲೆ ಬಿದ್ದುಕೊಂಡಿದ್ದೆ. ಅವ್ವ ಎಕ್ಕದ ಎಲೆ ಕಾಸಿ ಕಟ್ಟುತ್ತ, "ಕೆಳಗ ನೋಡಿ ಓಡ್ಲಾಕ ಏನಾಗ್ಯದೋ ನಿನಗ?" ಎಂದು ಬೈಯುತ್ತಿದ್ದಳು. ಓಣಿಯವರಂತೂ ಮುಖ ಕಂಡ ಕೂಡಲೇ "ಈ ಸಲ ಯಾವ್ದು ಮುರೀತು?" ಎನ್ನುತ್ತಿದ್ದರು.

ಅಂಚಿಗೆ ಎರಡು ಬುಟ್ಟಿ ಮಣ್ಣು ಹಾಕಿಸಿ, ಮೇಲೊಂದು ಚಾಪೆ ಹಾಸಿಸಿರೆಂದು ನಮ್ಮ ಸಂಘದ ಕಾರ್ಯದರ್ಶಿಗೆ ಮೇಲಿಂದ ಮೇಲೆ ಅರ್ಜಿ ಕೊಟ್ಟೆ. ಆತ ನಕ್ಕು, "ಕುಣೀಲಾಕ ಬರಲಾರದಾಕಿ ನೆಲ ಡೊಂಕ ಅಂದಳಂತ" ಎಂದ. ನನಗೆ ನೆತ್ತಿ ಉರಿಯಿತು. ನೆಲ ಖರೆ ಖರೆ ಡೊಂಕಿದ್ದರೆ ಕುಣಿಯುವವಳು ಇನ್ನೇನು ಅನ್ನಬೇಕು? ನಾನೇ ಮಣ್ಣು ಹೊತ್ತು ಹಾಕಿದೆ. ಪಿಚ್ಚು ಕೆಡುತ್ತದೆಂದು ಕ್ರಿಕೆಟ್ಟಿನವರು ಅದನ್ನೂ ಕೆರೆದು ತೆಗೆದರು.

ಹೋದ ವರ್ಷ ರಾಜ್ಯ ತಂಡದ ಆಯ್ಕೆ ಅಲ್ಲೇ ನಡೆಯಿತು. ವಯಸ್ಸು ಮೀರುತ್ತಿದ್ದ ನನಗೆ ಅದೇ ಕೊನೆಯ ಅವಕಾಶ. ಆಯ್ಕೆಯಾದರೆ ಆಟಗಾರರ ಕೋಟಾದಲ್ಲಿ ಕಾಯಂ ನೌಕರಿ, ಇಲ್ಲದಿದ್ದರೆ ಜೀವನವಿಡೀ ಕಪನೂರಿನ ದಾಲ್ ಮಿಲ್ಲಿನ ಕೂಲಿ. ಬೆಳಗಿನಿಂದ ಬಂದ ಚೆಂಡನ್ನೆಲ್ಲ ಹಿಡಿದೆ. ಕೊನೆಗೊಂದು ಚೆಂಡು ನನ್ನ ತಲೆಯ ಮೇಲಿಂದ ಹಾದು ಹಿಂದಕ್ಕೆ ಹೋಯಿತು. ತಿರುಗಿ ಓಡಿದೆ. ಅದು ನನ್ನದೇ ಚೆಂಡು, ಬೀಳುವ ಜಾಗವೂ ಗೊತ್ತಿತ್ತು. ಆದರೆ ಮೊಣಕಾಲು ಸಿಮೆಂಟನ್ನು ಮರೆತಿರಲಿಲ್ಲ. ಒಂದೇ ಒಂದು ಸಲ ಕೆಳಗೆ ನೋಡಿದೆ.

ಅಂಚು ಕಂಡಿತು, ದಾಟಿದೆ. ತಲೆಯೆತ್ತಿದರೆ ಚೆಂಡು ಎಲ್ಲೂ ಇಲ್ಲ. ಅದು ಬೆನ್ನ ಹಿಂದೆ ಬಿದ್ದ ಸದ್ದು ಕೇಳಿತು.

ಚೆಂಡು ಎತ್ತಿಕೊಂಡು ಮರಳಿ ಬಂದಾಗ ಆಯ್ಕೆಗಾರರು ಬರೆದುಕೊಳ್ಳುತ್ತಿದ್ದರು. ನಾನು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲೇ ಇದ್ದೆ. ಕಾರ್ಯದರ್ಶಿ ಅವರಿಗೆ ಹೇಳಿದ: "ಆಡ್ತಾನ ಖರೆ, ಆದರ ಅಂಜುಬುರಕ ಅದಾನ್ರೀ."

ಬಸ್ಸು ಮಹಾಗಾಂವ ದಾಟುವವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ ನಿಂತು ನನ್ನ ಕಾಲು ನೋಡಿದಳು, ಕೈ ನೋಡಿದಳು. ಮುಖ ಅರಳಿತು.

"ಛಲೋ ಆತು ಮಗನ," ಎಂದಳು. "ಈ ಸಲ ಏನೂ ಆಗಿಲ್ಲ."

ನಾನು ಅವಳ ಮೇಲೆ ಕೂಗಾಡಿದ್ದು ಅದೇ ಮೊದಲು.