ಕಾಕಡುವಿನಲ್ಲಿ ಖಾಲಿ ಬಿಟ್ಟ ಸಾಲು

ಮೊನ್ನೆ ಗರಾಜ್ ಗುಡಿಸುವಾಗ ಸೊಳ್ಳೆ ಸ್ಪ್ರೇಯ ಹಳೆಯ ಬಾಟಲಿಯೊಂದು ಸಿಕ್ಕಿತು. ಒತ್ತಿ ನೋಡಿದೆ. ನೀಲಗಿರಿ ಎಣ್ಣೆಗೆ ಸೀಮೆಎಣ್ಣೆ ಬೆರೆಸಿದಂಥ ವಾಸನೆ. ಕಾಕಡು ಪ್ರವಾಸದಲ್ಲಿ ಇದನ್ನು ಮೈತುಂಬ ಹೊಡೆದುಕೊಳ್ಳುತ್ತಿದ್ದ ಪಕ್ಕದ ಮನೆಯ ಅಂಕಲ್ ನೆನಪಾದರು. ನೆನಪಾದ ಕೂಡಲೇ ಸಿಟ್ಟೂ ಬಂತು.

ಅಮೆರಿಕದ ಮಿಷಿಗನ್ನಿನಲ್ಲಿ, ಫಾರ್ಮಿಂಗ್ಟನ್ ಹಿಲ್ಸಿನ ನಮ್ಮ ಬಡಾವಣೆಯಲ್ಲಿ ಅವರ ಕಾಟ ತಪ್ಪಿಸಿಕೊಂಡವರಿಲ್ಲ. ಮೂವತ್ತು ವರ್ಷ ಕಾರಿನ ಬ್ರೇಕು ಪರೀಕ್ಷಿಸಿ ನಿವೃತ್ತರಾದವರು. ಎದುರಿಗೆ ಸಿಕ್ಕಿದವರ ಹೆಸರು ಕೇಳಿ ಜೇಬಿನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳದೆ ಬಿಡುತ್ತಿರಲಿಲ್ಲ. ಹುಲ್ಲು ಕತ್ತರಿಸುವವನು, ಪಾರ್ಸೆಲ್ ತರುವವಳು, ಹೋಟೆಲಿನಲ್ಲಿ ನೀರು ಕೊಟ್ಟವನು... "ಹೆಸರು ಕೇಳ್ದೆ ಕೆಲಸ ಮಾಡಿಸ್ಕೊಳ್ಳೋದು ಮರ್ಯಾದೆ ಅಲ್ಲ ಕಣಮ್ಮ" ಎನ್ನುತ್ತಿದ್ದರು.

ಇಂಥವರು ಆಸ್ಟ್ರೇಲಿಯಾದ ಉತ್ತರ ತುದಿಯ ಕಾಕಡು ಎಂಬ ಜೌಗು ಕಾಡಿಗೆ ಹೊರಟರು. ಮೊಸಳೆ, ಹಕ್ಕಿ, ಬಂಡೆಯ ಮೇಲಿನ ಚಿತ್ರ, ಎಲ್ಲ ನೋಡಲೇಬೇಕಂತೆ. ಆಂಟಿ ನನ್ನ ಕೈ ಹಿಡಿದುಕೊಂಡು, "ಇವರ ಜೊತೆ ನಾನೊಬ್ಳೇ ಹೋದ್ರೆ ತಲೆ ಕೆಡತ್ತೆ, ನೀನೂ ಬಾರೇ" ಎಂದರು. ಹೋದೆ. ನನಗೂ ಬುದ್ಧಿ ಇರಲಿಲ್ಲ.

ಡಾರ್ವಿನ್ನಿನಲ್ಲಿ ಬಾಡಿಗೆ ಕಾರು ತೆಗೆದುಕೊಂಡೆವು. ರಸ್ತೆಯ ಎಡಗಡೆ ಓಡಿಸಬೇಕು. "ನಾನು ಡ್ರೈವಿಂಗ್ ಕಲ್ತಿದ್ದೇ ಮೈಸೂರಲ್ಲಿ" ಎಂದು ಅಂಕಲ್ ಕೀಲಿ ಕೊಡಲೇ ಇಲ್ಲ. ಮೈಸೂರು ಬಿಟ್ಟು ಎಷ್ಟೋ ಕಾಲವಾಗಿತ್ತು. ಅಮೆರಿಕದ ಕಾರಿನ ರೂಢಿಯಲ್ಲಿ ಪ್ರತಿ ತಿರುವಿನಲ್ಲೂ ಇಂಡಿಕೇಟರ್ ಬದಲು ವೈಪರ್ ಹಾಕಿದರು. ಮೋಡದ ಚೂರೂ ಇಲ್ಲದ ಆಕಾಶ, ಸುಡುವ ಬಿಸಿಲು, ಒಣ ಗಾಜಿನ ಮೇಲೆ ಕಿರ್ರೆನ್ನುವ ವೈಪರ್... ಮೂರು ಗಂಟೆಯ ದಾರಿ. ಸಾಲದ್ದಕ್ಕೆ ಬೋರ್ಡಿನ ಕಿಲೋಮೀಟರುಗಳನ್ನೆಲ್ಲ ಮೈಲಿಗೆ ಬದಲಿಸಿ ಜೋರಾಗಿ ಹೇಳುತ್ತಿದ್ದರು. ಆಂಟಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ಕುಳಿತಿದ್ದರು.

ಆದರೂ ದೋಣಿ ಹತ್ತಿ ಜೌಗಿನ ನೀರಿನ ಮೇಲೆ ಹೊರಟಾಗ ದಾರಿಯ ಕಾಟ ಮರೆತೇಹೋಯಿತು. ತಾವರೆ ಎಲೆಗಳ ನಡುವೆ ಕಪ್ಪುಬಿಳಿ ಹೆಬ್ಬಾತುಗಳ ಹಿಂಡು, ದಡದಲ್ಲಿ ಕೊರಡಿನಂತೆ ಬಿದ್ದ ಮೊಸಳೆ. ಅಂಕಲ್ ದೋಣಿಯವನ ಹೆಸರು ಬರೆದುಕೊಂಡರು.

ಬಂಡೆಯ ಚಿತ್ರಗಳನ್ನು ತೋರಿಸಿದಾಕೆ ಆ ನೆಲದ ಮೂಲನಿವಾಸಿ ಹೆಂಗಸು. ಒಳಗಿನ ಮುಳ್ಳೂ ಕಾಣುವಂತೆ ಬರೆದ ಮೀನೊಂದನ್ನು ತೋರಿಸಿ, ಇದರ ಕಥೆ ಹೇಳಿಕೊಟ್ಟ ತನ್ನ ಅಜ್ಜ ಹೋದ ವರ್ಷ ತೀರಿಕೊಂಡರು ಎಂದಳು. ಅಂಕಲ್ ನೋಟ್‌ಬುಕ್ ತೆಗೆದು ಅಜ್ಜನ ಹೆಸರು ಕೇಳಿದರು. ತೀರಿಕೊಂಡವರ ಹೆಸರನ್ನು ನಮ್ಮಲ್ಲಿ ಕೆಲವು ಕಾಲ ಹೇಳುವುದಿಲ್ಲ ಎಂದಳು ಆಕೆ, ಮೆತ್ತಗೆ. ಅಂಕಲ್ ಬಿಡಬೇಕಲ್ಲ! ನಾವು ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಸರು ಹೇಳುತ್ತೇವೆ, ಹೇಳದಿದ್ದರೆ ಮರೆತುಹೋಗುವುದಿಲ್ಲವೇ, ಮೊದಲ ಅಕ್ಷರವಾದರೂ ಹೇಳಬಹುದಲ್ಲ... ಆಕೆಯ ಮುಖ ಸಪ್ಪಗಾಯಿತು.

"ಸಾಕು ಮಾಡಿ ಅಂಕಲ್! ನಿಮ್ಮ ಜೊತೆ ಎಲ್ಲಿಗೂ ಬರಬಾರ್ದು!" ಎಲ್ಲರ ಎದುರಿಗೇ ಕಿರುಚಿಬಿಟ್ಟೆ.

ಅವರು ಪೆನ್ನು ಹಿಡಿದುಕೊಂಡೇ ನಿಂತರು. ಆಗ ಆಂಟಿ ಅವರತ್ತ ತಿರುಗಿದರು. "ಮದುವೆಯಾಗಿ ಇಷ್ಟು ವರ್ಷ ಆಯ್ತು. ಒಂದಿನಾನಾದ್ರೂ ನಿಮ್ಮ ಹೆಸರು ಹಿಡಿದು ಕರ್ದಿದೀನಾ? ಹಾಗಂತ ಮರ್ತಿದೀನಾ?"

ವಾಪಸು ಬರುವಾಗ ವೈಪರ್ ಮತ್ತೆ ಕಿರ್ರೆಂದಿತು; ಬೋರ್ಡುಗಳು ಮಾತ್ರ ಕಿಲೋಮೀಟರಿನಲ್ಲೇ ಉಳಿದವು.

ಮಿಷಿಗನ್ನಿಗೆ ಬಂದ ಮೇಲೆ ಅಂಕಲ್ ನಮ್ಮ ಬಾಗಿಲು ತಟ್ಟುವುದನ್ನು ನಿಲ್ಲಿಸಿದರು. ನಾನೇ ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಹಿಮ ಕರಗಲಿ ಅಂದುಕೊಂಡೆ. ಎರಡು ಮನೆಗಳ ನಡುವೆ ಇದ್ದದ್ದು ಇಪ್ಪತ್ತು ಹೆಜ್ಜೆಯ ಹುಲ್ಲು... ಹಿಮ ಕರಗುವ ಮೊದಲೇ ಅವರು ಹೋಗಿಬಿಟ್ಟರು.

ಅಂತ್ಯಸಂಸ್ಕಾರ ಮಾಡಿಸುವ ಫ್ಯೂನರಲ್ ಹೋಮಿನ ಹುಡುಗಿ ಫಾರಂ ಹಿಡಿದು ತೀರಿಕೊಂಡವರ ಹೆಸರು ಕೇಳಿದಳು. ಆಂಟಿ ನನ್ನತ್ತ ನೋಡಿ, "ನೀನು ಹೇಳೇ" ಎಂದರು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ನಾನೂ ಅವರ ಹೆಸರು ಹಿಡಿದದ್ದು ಅದೇ ಮೊದಲು.

ಸ್ಪ್ರೇ ಸಿಕ್ಕಿದ ದಿನ ಆಂಟಿಯ ಮನೆಗೆ ಹೋಗಿ ನೋಟ್‌ಬುಕ್ ಕೇಳಿ ಪಡೆದೆ. ಕಾಕಡುವಿನ ಪುಟದಲ್ಲಿ ಕಾರು ಕೊಟ್ಟವನ ಹೆಸರಿದೆ, ದೋಣಿಯವನ ಹೆಸರಿದೆ. "ಮೀನಿನ ಕಥೆ ಕಲಿಸಿದ ಅಜ್ಜ" ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಾರೆ. ಅದರ ಕೆಳಗೆ: "ಈಗ ಹೇಳಬಾರದು. ಮುಂದಿನ ಸಲ ಬಂದಾಗ ಕೇಳುವುದು. ಪಕ್ಕದ ಮನೆಯ ಹುಡುಗಿಯನ್ನೂ ಕರೆತರುವುದು."

ಮನುಷ್ಯ ಬಿಡಲೇ ಇಲ್ಲ ನೋಡಿ! ಚೆನ್ನಾಗಿ ಬಯ್ಯಬೇಕೆನಿಸಿತು. ಆ ಇಪ್ಪತ್ತು ಹೆಜ್ಜೆ ದಾಟಿ ಮನೆಗೆ ಬಂದು, ಅವರ ಹೆಸರು ಹಾಕದೆ ಇಷ್ಟನ್ನು ಬರೆದೆ.