ಸುಣ್ಣದ ಗೆರೆಯೊಳಗಿನ ಗುಂಡಿ

ಮೊನ್ನೆ ಕಾಂಪೌಂಡಿಗೆ ಬಳಿಯೋಕೆ ಸುಣ್ಣ ನೆನೆಹಾಕಿದ್ದರು. ಆ ಹಸಿ ಸುಣ್ಣದ ಘಾಟು ಮೂಗಿಗೆ ಬಡಿದದ್ದೇ ತಡ, ಚಾಚಾ ನೆನಪಾದರು.

ಹೊಳಲ್ಕೆರೆ ಹತ್ತಿರದ ಒಂದು ಗಣಿಯ ಆಫೀಸಿನಲ್ಲಿದ್ದೆ ನಾನು. ಕಾಲೊನಿಯಲ್ಲೊಂದು ಪುಟ್ಟ ಗಾಲ್ಫ್ ಮೈದಾನ. ಅದರ ಹುಲ್ಲು ನೋಡಿಕೊಳ್ಳುತ್ತಿದ್ದವರು ಚಾಚಾ. ಕಾಡುಹಂದಿಗಳು ಬಂದು ನೆಲ ತೋಡಿ ಹಾಕುತ್ತಿದ್ದವು. ಬೆಳಿಗ್ಗೆ ಚಾಚಾ ಡಬ್ಬಿ ಹಿಡಿದು ಆ ಗುಂಡಿಗಳ ಸುತ್ತ ಸುಣ್ಣದ ಗೆರೆ ಎಳೆಯುತ್ತಿದ್ದರು. ಪ್ರಾಣಿ ತೋಡಿದ ಗುಂಡಿಗೆ ಚೆಂಡು ಬಿದ್ದರೆ ದಂಡವಿಲ್ಲದೆ ಎತ್ತಿ ಪಕ್ಕಕ್ಕೆ ಹಾಕಿಕೊಳ್ಳಬಹುದು. ಬರೀ ಗೊರಸು ತುಳಿದ ಗುಳಿಯಾದರೆ ಆ ರಿಯಾಯ್ತಿ ಇಲ್ಲ, ಬಿದ್ದಲ್ಲಿಂದಲೇ ಹೊಡೆಯಬೇಕು. ನಿಯಮದ ಪುಸ್ತಕ ನನಗೆ ಬಾಯಿಪಾಠ. ಅದೊಂದು ಕೊಬ್ಬು ನನಗೆ.

ಚಾಚಾ ಒಂದು ಎಮ್ಮೆ ಸಾಕಿದ್ದರು. ಅದು ಹಗ್ಗ ಕಿತ್ತುಕೊಂಡು ಎರಡು ಸಲ ಹುಲ್ಲಿಗೆ ನುಗ್ಗಿತ್ತು. ಇನ್ನೊಂದು ಸಲ ಬಂದರೆ ನಿನ್ನ ಕೆಲಸ ಇಲ್ಲ ಎಂದು ಮ್ಯಾನೇಜರು ಎಲ್ಲರೆದುರೇ ಹೇಳಿದ್ದರು.

ಆ ಭಾನುವಾರ ಪಂದ್ಯ. ಮ್ಯಾನೇಜರ ಚೆಂಡು ಸುಣ್ಣದ ಗೆರೆಯೊಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದರು. ನಾನು ಸುಮ್ಮನಿರಬಹುದಿತ್ತು...

"ತಡೀರಿ ಸಾರ್. ಇದು ಹಂದಿ ತೋಡಿದ್ದಲ್ಲ, ಎಮ್ಮೆ ಗೊರಸು."

ಹೇಳಿದ ಮೇಲೆ ಚಾಚಾ ಮುಖ ನೋಡಿದೆ. ಆಗ ಹೊಳೆಯಿತು. ಎಮ್ಮೆ ಮತ್ತೆ ಬಂದದ್ದನ್ನು ಮುಚ್ಚಲು, ಅಷ್ಟು ವರ್ಷದಲ್ಲಿ ಅವರು ಎಳೆದ ಒಂದೇ ಒಂದು ಸುಳ್ಳು ಗೆರೆ ಅದು. ನನ್ನ ನಾಲಿಗೆ ಸೇದಿಹೋಗಬಾರದಿತ್ತೇ!

"ಹೌದ್ರಿ, ನಮ್ ಎಮ್ಮೆದೇ" ಅಂದರು ಚಾಚಾ.

ಮಾರನೇ ದಿನವೇ ಕೆಲಸ ಹೋಯಿತು. ಹೊರಡುವಾಗ ಸುಣ್ಣದ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟರು. "ನಾಳೆಯಿಂದ ನೀವೇ ಹಾಕ್ರಿ ಸಾಹೇಬ್ರೇ. ನಿಮಗೆ ಗುರುತು ಚೆನ್ನಾಗಿ ಗೊತ್ತೈತೆ." ದನಿಯಲ್ಲಿ ಸಿಟ್ಟಿರಲಿಲ್ಲ.

ಕ್ಷಮೆ ಕೇಳೋಣವೆಂದು ಹೊಸದುರ್ಗದಲ್ಲಿ ಅವರ ಮನೆ ಹುಡುಕಿಕೊಂಡು ಹೋಗಲು ನನಗೆ ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಚಾಚಾ ತೀರಿಕೊಂಡಿದ್ದರು. ನಾನ್ಯಾರೆಂದು ಹೇಳಿದ ಕೂಡಲೇ ಅವರ ಹೆಂಡತಿ, ಚಾಚಿ, ಒಳಗೆ ಕರೆದರು, ಗಟ್ಟಿ ಹಾಲಿನ ಚಹಾ ಕೊಟ್ಟರು.

"ಕುಂತ್ಕಳ್ರಿ. ನಿಮ್ ಬಗ್ಗೆ ಯಾವಾಗ್ಲೂ ಹೇಳೋರು. ಸುಳ್ಳು ಹೇಳೋ ಮನುಷ್ಯ ಅಲ್ಲ ಅಂತಿದ್ರು."

ಹಿತ್ತಲಲ್ಲಿ ಅದೇ ಎಮ್ಮೆ ಮೆಲುಕು ಹಾಕುತ್ತಿತ್ತು. ಆ ಚಹಾ ಹೇಗೆ ಕುಡಿದೆನೋ...

ಮೊನ್ನೆ, ಸುಣ್ಣ ಬೇಡ, ಬೇರೆ ಬಣ್ಣ ಬಳಿಯಿರಿ ಅಂದುಬಿಟ್ಟೆ. ನೆನೆಹಾಕಿದ್ದೆಲ್ಲ ದಂಡವಾಯ್ತಲ್ಲ ಎಂದು ಮನೆಯವಳು ಬಾಯಿಗೆ ಬಂದಂತೆ ಬಯ್ದಳು. ಸುಮ್ಮನೆ ಬೈಸಿಕೊಂಡು ಕೂತೆ. ಚಾಚಾನೂ ಹೀಗೇ ಒಂದು ಸಲ ಬಯ್ದು ಹೋಗಿದ್ದರೆ ಸಾಕಿತ್ತು.